ತುಕ್ಕು ಮೀಮಾಂಸೆ: ದೋಣಿಗಾಡಿ ಪ್ರಕರಣ

ಯಾವ ಶಾಸ್ತ್ರಗ್ರಂಥವೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳದೆ ಆರಂಭವಾಗಕೂಡದೆಂದು ಹಿರಿಯರ ಕಟ್ಟಪ್ಪಣೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಓದಲು ಅಧಿಕಾರಿ ಯಾರು? ಇಲ್ಲಿ ವಿಷಯ, ತುಕ್ಕು. ಪ್ರಯೋಜನ, ವೆಲ್ಡಿಂಗ್ ಖರ್ಚಿನ ಉಳಿತಾಯ. ಸಂಬಂಧ, ಹೆಂಡತಿಯ ಅಣ್ಣ. ಅಧಿಕಾರಿ, ಅಂಗಳದಲ್ಲಿ ಕಬ್ಬಿಣದ ವಸ್ತುವೊಂದನ್ನು ನಿಲ್ಲಿಸಿ ಒಮ್ಮೆಯಾದರೂ “ನಾಳೆ ನೋಡಿದರಾಯ್ತು” ಎಂದವನು. ಈ ಲೆಕ್ಕದಲ್ಲಿ ಕರಾವಳಿಯಲ್ಲಿ ಅನಧಿಕಾರಿಗಳೇ ಇಲ್ಲ.

ಸಂಬಂಧವನ್ನು ಸ್ವಲ್ಪ ವಿಸ್ತರಿಸಬೇಕು. ಸ್ವರ್ಣಾ, ಸೀತಾ ನದಿಗಳು ಕೋಡಿ ಬೆಂಗ್ರೆಯ ಬಳಿ ಸಮುದ್ರ ಸೇರುವ ಅಳಿವೆಯಲ್ಲಿ ಭಾನುವಾರ ಗಾಳ ಹಾಕಿ ಕೆಂಬೇರಿ ಹಿಡಿಯಬೇಕೆಂದು ಭಾವ ಹದಿನಾಲ್ಕು ಅಡಿಯ ಫೈಬರ್ ದೋಣಿ ಕೊಂಡರು. ದೋಣಿಗೆ ತುಕ್ಕು ಹಿಡಿಯುವುದಿಲ್ಲ, ಮೀನಿಗಂತೂ ಇಲ್ಲವೇ ಇಲ್ಲ. ಆದರೆ ದೋಣಿಯನ್ನು ಮನೆಯಿಂದ ನೀರಿಗೆ ಒಯ್ಯಲು ಗಾಡಿ ಬೇಕಲ್ಲ. ಬಾಕ್ಸ್ ಪೈಪಿನ ಚೌಕಟ್ಟು, ಹಳೆಯ ಓಮ್ನಿಯ ಹಿಂದಿನ ಆಕ್ಸಲ್, ಎರಡು ಕಡೆ ಪಟ್ಟಿ ಸ್ಪ್ರಿಂಗು, ಮುಂದೊಂದು ಕೊಂಡಿ: ಇವಿಷ್ಟರಿಂದ ದೋಣಿಗಾಡಿ ಅವತರಿಸಿತು. ವರ್ಷಕ್ಕೆ ನಾಲ್ಕು ಸಲ ಅದು ಉಪ್ಪುನೀರಿಗೆ ಇಳಿಯುತ್ತದೆ. ಉಳಿದ ದಿನಗಳಲ್ಲಿ ಹಲಸಿನ ಮರದಡಿ ತಪಸ್ಸು.

ನಾಮ ಪ್ರಕರಣ

ತುಕ್ಕು ಬೇರೆ, ಕಿಲುಬು ಬೇರೆ. ಕಿಲುಬು ತಾಮ್ರ-ಹಿತ್ತಾಳೆಗಳದ್ದು. ಹುಣಸೆಹಣ್ಣು ಕಂಡರೆ ಓಡುತ್ತದೆ, ಮರುದಿನ ಪೂಜೆಗೆ ಬಿಂದಿಗೆ ಸಿದ್ಧ. ತುಕ್ಕು ಕಬ್ಬಿಣದ್ದು. ಕನ್ನಡದಲ್ಲಿ ಅದು ಬರುವುದೂ ಇಲ್ಲ, ಆಗುವುದೂ ಇಲ್ಲ; ‘ಹಿಡಿಯುತ್ತದೆ’. ಹಿಡಿಯುವ ಜಾತಿಗೆ ಸೇರಿದ ಇತರ ಪದಾರ್ಥಗಳು: ದೆವ್ವ, ಹುಚ್ಚು, ಜಡಿಮಳೆ. ಇವೆಲ್ಲಕ್ಕೂ ಸಾಮಾನ್ಯ ಲಕ್ಷಣವೊಂದಿದೆ: ಹಿಡಿದದ್ದು ಗೊತ್ತಾಗುವಷ್ಟರಲ್ಲಿ ಬಹಳ ಒಳಗೆ ಹೋಗಿರುತ್ತದೆ.

ಸ್ವರೂಪ ಪ್ರಕರಣ: ಭೇದವೋ ಅಭೇದವೋ

ಕಬ್ಬಿಣವೂ ತುಕ್ಕೂ ಒಂದೋ ಎರಡೋ ಎಂಬ ಬಗ್ಗೆ ಎರಡು ಮತಗಳಿವೆ. ಪೇಂಟಿನವನು ದ್ವೈತಿ. “ತುಕ್ಕು ಬೇರೆ, ಕಬ್ಬಿಣ ಬೇರೆ. ಕೆರೆದು ತೆಗೆದರೆ ಒಳಗೆ ಶುದ್ಧ ಕಬ್ಬಿಣ ಉಂಟು” ಎನ್ನುತ್ತಾನೆ. ವೆಲ್ಡಿಂಗಿನವನು ಅದ್ವೈತಿ. ಹಿಂದಿನ ಅಡ್ಡಪಟ್ಟಿಯನ್ನು ಅವನು ಕೆರೆದ, ಕೆರೆದ, ಕೊನೆಗೆ ಆಚೆ ಕಡೆಯ ಹುಲ್ಲು ಕಂಡಿತು. “ಎರಡೂ ಒಂದೇ ಸ್ವಾಮಿ, ಕಬ್ಬಿಣ ಅಂತ ನಿಮಗೆ ಕಂಡದ್ದು ಬರೀ ಭ್ರಮೆ” ಎಂದ.

ರಸಾಯನಶಾಸ್ತ್ರವೂ ಅವನ ಪಕ್ಷವೇ. ಬಳ್ಳಾರಿ ಸೀಮೆಯ ಕೆಂಪು ಅದಿರು ಕಬ್ಬಿಣದ ಆಕ್ಸೈಡು. ಅದನ್ನು ಕುಲುಮೆಯಲ್ಲಿ ಬೇಯಿಸಿ, ಆಮ್ಲಜನಕವನ್ನು ಬಲವಂತವಾಗಿ ಬಿಡಿಸಿದರೆ ಕಬ್ಬಿಣ. ಅದೇ ಕಬ್ಬಿಣ ಆಮ್ಲಜನಕವನ್ನೂ ಒಂದಿಷ್ಟು ನೀರನ್ನೂ ಮರಳಿ ಕೂಡಿಕೊಂಡರೆ ತುಕ್ಕು. ಅಂದರೆ ತುಕ್ಕು ಹಿಡಿಯುವುದೆಂದರೆ ಕಬ್ಬಿಣ ತವರಿಗೆ ಹೊರಡುವುದು. ದೋಣಿಗಾಡಿಯ ಮಾಲೀಕ ಮಾಡಬಹುದಾದದ್ದು ಇಷ್ಟೇ: “ಈ ಆಷಾಢ ಬೇಡ, ಮುಂದಿನ ಆಷಾಢಕ್ಕೆ ಹೋಗು” ಎಂದು ಉಪಾಯವಾಗಿ ತಡೆಯುವುದು.

ಗುಜರಿಯವನದು ಮೂರನೆಯ ಮತ. ಒಂದು ಕಿಲೋ ಕಬ್ಬಿಣ ಪೂರ್ತಿ ತುಕ್ಕಾದರೆ ಶಾಸ್ತ್ರದ ಪ್ರಕಾರ ಸುಮಾರು ಒಂದೂವರೆ ಕಿಲೋ ತೂಗಬೇಕು, ಏಕೆಂದರೆ ಗಾಳಿ-ನೀರಿನ ಭಾರವೂ ಸೇರಿತಲ್ಲ. ಹಾಗಾದರೆ ಗಾಡಿಯನ್ನು ಚೆನ್ನಾಗಿ ತುಕ್ಕು ಹಿಡಿಸಿ ಮಾರಿದರೆ ಲಾಭವಲ್ಲವೇ ಎಂದು ಭಾವ ವಾದ ಹೂಡಿದರು. ಗುಜರಿಯವನು ಗಾಡಿಯನ್ನು ಒಮ್ಮೆ ಒದ್ದ. ಲಾಭವೆಲ್ಲ ನೆಲಕ್ಕೆ ಉದುರಿತು.

ತ್ರಿದೋಷ ಪ್ರಕರಣ

ಮನುಷ್ಯನಿಗೆ ವಾತ, ಪಿತ್ತ, ಕಫ. ದೋಣಿಗಾಡಿಗೆ ಗಾಳಿ, ನೀರು, ಉಪ್ಪು. ಮೊದಲೆರಡು ಸೇರಿದರೆ ಸಾಮಾನ್ಯ ತುಕ್ಕು, ಮೂರನೆಯದೂ ಸೇರಿದರೆ ಸನ್ನಿಪಾತ.

ಒಂದು ಹನಿ ಉಪ್ಪುನೀರು ಕಬ್ಬಿಣದ ಮೇಲೆ ಕೂತಿದೆ ಎನ್ನಿ. ಹನಿಯ ಅಂಚಿಗೆ ಗಾಳಿ ಸುಲಭವಾಗಿ ತಾಗುತ್ತದೆ, ನಡುವಿಗೆ ತಾಗುವುದಿಲ್ಲ. ಈ ತಾರತಮ್ಯದಿಂದಲೇ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ; ಅಂಚಿನಲ್ಲಿ ಆಮ್ಲಜನಕ ಅವನ್ನು ಕೈಚಾಚಿ ತೆಗೆದುಕೊಳ್ಳುತ್ತದೆ; ಎರಡರ ಮಧ್ಯೆ ಕೆಂಪು ಉಂಗುರ ಮೂಡುತ್ತದೆ. ಉಪ್ಪಿನ ಕೆಲಸ ಈ ವ್ಯವಹಾರಕ್ಕೆ ದಲ್ಲಾಳಿತನ. ಗುಂಡಿ ಬೀಳುವುದು ಗಾಳಿ ಕಡಿಮೆ ತಾಗುವ ಕಡೆ ಎಂಬುದನ್ನು ಅಧಿಕಾರಿಯು ಗಂಟುಹಾಕಿಕೊಳ್ಳಬೇಕು. ಆದ್ದರಿಂದಲೇ ಗಾಡಿ ಸಾಯುವುದು ಎದ್ದು ಕಾಣುವ ಬಣ್ಣದ ಮೈಯಲ್ಲಲ್ಲ. ಬೋಲ್ಟಿನ ವಾಷರಿನಡಿ, ಸ್ಪ್ರಿಂಗಿನ ಪಟ್ಟಿ-ಪಟ್ಟಿಗಳ ಸಂದಿಯಲ್ಲಿ, ಬಾಕ್ಸ್ ಪೈಪಿನ ಹೊಟ್ಟೆಯೊಳಗೆ.

ಇಲ್ಲಿ ಒಂದು ಸೂತ್ರ: ‘ಉಪ್ಪು ತಿಂದವನು ನೀರು ಕುಡಿಯಲೇಬೇಕು.’ ಇದನ್ನು ನೀತಿಮಾತೆಂದು ತಿಳಿದು ಶಾಲೆಯ ಗೋಡೆಗಳ ಮೇಲೆ ಬರೆಸಿದವರು ಅದರ ತಾಂತ್ರಿಕ ಅರ್ಥವನ್ನು ಗಮನಿಸಿಲ್ಲ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನೇ ಗಾಳಿಯಿಂದ ನೀರು ಹೀರಿ ಕರಗತೊಡಗುತ್ತದೆ. ಜೂನ್ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ತೆರೆದು ನೋಡಿದವರಿಗೆ ಪ್ರಮಾಣ ಬೇಡ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡೂ ಇರುವುದರಿಂದ ಅದಕ್ಕೆ ಅಷ್ಟು ತೇವವೂ ಬೇಕಿಲ್ಲ. ಹಾಗಾಗಿ ಅಳಿವೆಯಿಂದ ಬಂದ ಗಾಡಿ ಮರದಡಿ ‘ಒಣಗಿದೆ’ ಎನ್ನುವುದು ಸುಳ್ಳು. ನೀವು ಮಲಗಿದ ಮೇಲೆ ಅದು ಎದ್ದು ಕುಡಿಯುತ್ತಿರುತ್ತದೆ.

ನಾಡಿ ಪರೀಕ್ಷೆ

ಹದಿನಾಲ್ಕು ನಂಬರಿನ ಸ್ಪ್ಯಾನರ್ ತೆಗೆದುಕೊಂಡು ಚೌಕಟ್ಟನ್ನು ತಲೆಯಿಂದ ಬಾಲದವರೆಗೆ ಗೇಣಿಗೊಮ್ಮೆ ತಟ್ಟುತ್ತ ಹೋಗಬೇಕು. ‘ಠಣ್’ ಎಂದರೆ ಆರೋಗ್ಯ. ‘ಠಪ್’ ಎಂದರೆ ಪಥ್ಯ. ‘ದಬ್’ ಎಂದರೆ ಬಂಧುಗಳಿಗೆ ತಿಳಿಸಬೇಕು. ಭಾವನ ಗಾಡಿ ನಾಲ್ಕನೆಯ ಶಬ್ದವೊಂದನ್ನು ಹೊರಡಿಸಿತು: ತಟ್ಟಿದ ಮೇಲೂ ಒಳಗಿನಿಂದ ಜರಜರ, ಜರಜರ, ಯಾರೋ ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ಬಾಕ್ಸ್ ಪೈಪಿನ ಎರಡೂ ತುದಿ ಮುಚ್ಚಿದರೆ ನೀರು ಒಳಹೋಗದೆಂದು ಬಗೆದು ವೆಲ್ಡ್ ಮಾಡಿದ್ದರು. ವೆಲ್ಡಿನ ಸೂಜಿಮೊನೆಯಷ್ಟು ತೂತಿನಿಂದ ನೀರು ಒಳಗೆ ಹೋಗಿತ್ತು. ಹೊರಬರುವ ದಾರಿ ಅದಕ್ಕೂ ತಿಳಿದಿರಲಿಲ್ಲ. ಪೈಪಿನ ತಳಭಾಗದಲ್ಲಿ ನೀರಿಳಿಯಲು ಬೆರಳು ಗಾತ್ರದ ರಂಧ್ರ ಕೊರೆದಾಗ ಮೊದಲು ಕಾಫಿಯಂಥ ನೀರು, ಆಮೇಲೆ ಹೋಳುಹೋಳು ತುಕ್ಕು, ಕೊನೆಗೆ ಒಂದು ಏಡಿಯ ಕಾಲು ಬಿತ್ತು. ಕಾಲಿನ ಮಾಲೀಕ ಒಳಗೆ ಹೇಗೆ ಹೋದ ಎಂಬುದು ಈ ಗ್ರಂಥದ ವ್ಯಾಪ್ತಿಗೆ ಹೊರತು.

ಚಕ್ರದ ನಡುವಿನ ಹಬ್ ಇನ್ನೊಂದು ಮರ್ಮಸ್ಥಾನ. ಹತ್ತು ಕಿಲೋಮೀಟರ್ ಓಡಿ ಬಂದ ಹಬ್ ಕಾದಿರುತ್ತದೆ. ಅದನ್ನು ಹಾಗೆಯೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಸೀಲಿನ ಸಂದಿಯಿಂದ ಉಪ್ಪುನೀರನ್ನು ಬೇರಿಂಗಿನವರೆಗೆ ಹೀರುತ್ತದೆ, ಬಿಸಿಲಲ್ಲಿ ಬಂದ ನೆಂಟ ಮಜ್ಜಿಗೆ ಹೀರಿದಂತೆ. ಆದ್ದರಿಂದ ದಡ ಮುಟ್ಟಿದ ಮೇಲೆ ಅರ್ಧ ಗಂಟೆ ಕೂತು ಎಲೆಯಡಿಕೆ ಹಾಕುವುದು ಸೋಮಾರಿತನವಲ್ಲ, ಚಿಕಿತ್ಸೆಯ ಅಂಗ.

ಪೂರ್ವಪಕ್ಷ ಖಂಡನೆ

ಆಕ್ಷೇಪ: ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ನಿಂತಿದೆ. ನಮ್ಮ ಕೊಡಚಾದ್ರಿಯ ಮೇಲಿನ ಕಬ್ಬಿಣದ ಕಂಬ ಘಟ್ಟದ ಮಳೆಯನ್ನೆಲ್ಲ ತಲೆಯ ಮೇಲೆ ಹೊತ್ತು ನಿಂತಿದೆ. ಭಾವನ ಗಾಡಿ ಮೂರು ವರ್ಷಕ್ಕೇ ಏಕೆ ಕುಸಿಯಿತು?

ಸಮಾಧಾನ: ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದು ಮೈಮೇಲೆ ತೆಳು ರಕ್ಷಾಪದರ ಕಟ್ಟಿಕೊಂಡಿದೆ. ಅದಕ್ಕಿಂತ ಮುಖ್ಯವಾಗಿ, ಆ ಎರಡೂ ಕಂಬಗಳನ್ನು ಯಾರೂ ಕೆಂಬೇರಿ ಹಿಡಿಯಲು ಒಯ್ದಿಲ್ಲ.

ಚಿಕಿತ್ಸಾ ಪ್ರಕರಣ

ಒಂದು, ಸತುವಿನ ಕವಚ. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಇಡೀ ಚೌಕಟ್ಟನ್ನು ಅದ್ದಿ ತೆಗೆಯುವುದು ಉತ್ತಮೋತ್ತಮ. ಸತು ದಧೀಚಿಯ ವಂಶ. ಗೀರು ಬಿದ್ದಲ್ಲಿಯೂ ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಆದರೆ ಜಿಐ ಪೈಪು ತಂದು ಆಮೇಲೆ ವೆಲ್ಡ್ ಮಾಡಿದರೆ, ಜೋಡಿಸಿದ ಕಡೆಯಲ್ಲೇ ಸತು ಸುಟ್ಟುಹೋಗಿ ತುಕ್ಕಿಗೆ ಬಾಗಿಲು ತೆರೆಯುತ್ತದೆ. ಮೊದಲು ವೆಲ್ಡಿಂಗ್, ಆಮೇಲೆ ಸ್ನಾನ.

ತ್ಯಾಗಕ್ಕೂ ಅಡ್ಡಪರಿಣಾಮ ಉಂಟೆಂಬುದಕ್ಕೆ ಒಂದು ಇತಿಹಾಸ. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ನೌಕಾಪಡೆಯ ಹಡಗುಗಳ ತಳದ ತಾಮ್ರದ ಹೊದಿಕೆ ಸವೆಯದಂತೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸುವ ಉಪಾಯ ಹೇಳಿದ. ತಾಮ್ರ ಸವೆಯುವುದು ನಿಂತಿತು. ಸವೆದ ತಾಮ್ರದ ವಿಷಕ್ಕೆ ಹೆದರಿ ದೂರವಿದ್ದ ಚಿಪ್ಪುಜೀವಿಗಳು ಸುದ್ದಿ ತಿಳಿದು ಸಂಸಾರ ಸಮೇತ ಬಂದು ಅಂಟಿಕೊಂಡವು. ಹಡಗುಗಳು ತೆವಳತೊಡಗಿದವು.

ಎರಡು, ರೆಡ್ ಆಕ್ಸೈಡ್. ಬಡವರ ಪಾಲಿನ ಈ ದಿವ್ಯೌಷಧದ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದೇ, ಅಂದರೆ ತುಕ್ಕಿನ ಒಡಹುಟ್ಟಿದ್ದು. ತುಕ್ಕು ಹಿಡಿಯದಿರಲೆಂದು ತುಕ್ಕಿನ ಬಣ್ಣವನ್ನೇ ಬಳಿಯುವುದು ಮುಳ್ಳಿನಿಂದ ಮುಳ್ಳು ತೆಗೆವ ನ್ಯಾಯ. ಅದು ಬರೀ ತಳಪಾಯ, ಮೇಲೆ ಎರಡು ಕೈ ಎನಾಮಲ್ ಬೇಕೇಬೇಕು. ಭಾವ ತಳಪಾಯಕ್ಕೇ ನಿಲ್ಲಿಸಿದರು. ಹೀಗೆ ಬಿಟ್ಟರೆ ತುಕ್ಕು ಹಿಡಿದದ್ದು ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ಸ್ವತಂತ್ರ ಸಂಶೋಧನೆ.

ಮೂರು, ಚೊಗರು. ಅಂಗಡಿಯ ‘ರಸ್ಟ್ ಕನ್ವರ್ಟರ್’ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಟ್ಯಾನಿನ್ ಇಲ್ಲವೇ ಫಾಸ್ಪರಿಕ್ ಆಮ್ಲ. ಟ್ಯಾನಿನ್ ತುಕ್ಕನ್ನು ಕಪ್ಪು ಗಟ್ಟಿ ಪದರವಾಗಿ ಮಾರ್ಪಡಿಸುತ್ತದೆ. ಅಣಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದವರಿಗೆ ಇದು ಹೊಸದಲ್ಲ. ಮೊದಲು ಸಡಿಲ ಹೊಪ್ಪಳೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಉಜ್ಜದೆ ಬಳಿದರೆ ತುಕ್ಕಿಗೆ ಕಾಡಿಗೆ ಹಚ್ಚಿದಂತೆ.

ನಾಲ್ಕು, ಬೂತಾಯಿ ಎಣ್ಣೆ. ಮರದ ದೋಣಿಗಳಿಗೆ ನಮ್ಮ ಹಿರಿಯರು ಬಳಿಯುತ್ತಿದ್ದ ಮೀನೆಣ್ಣೆ ಸ್ಪ್ರಿಂಗಿನ ಸಂದಿಗೂ ಇಳಿದು ನೀರನ್ನು ದೂರ ಇಡುತ್ತದೆ. ಪ್ರಯೋಗ ಫಲಿಸಿತು. ಆದರೆ ಅಂದು ಸಂಜೆಯಿಂದ ಊರಿನ ಬೆಕ್ಕುಗಳೆಲ್ಲ ಗಾಡಿಯ ಸುತ್ತ ಮಹಾಸಭೆ ಸೇರಿ, ಎಂಟು ದಿನ ಅತ್ತಿಗೆ ಅಂಗಳಕ್ಕೆ ಇಳಿಯಲಿಲ್ಲ.

ಐದು, ಸಿಹಿನೀರು. ಮೇಲಿನ ನಾಲ್ಕೂ ಇದರ ಮುಂದೆ ಉಪಚಾರ ಮಾತ್ರ. ದೋಣಿ ಇಳಿಸಿ ಬಂದ ದಿನವೇ, ಊಟಕ್ಕೆ ಮುನ್ನ, ಮೀನು ಶುಚಿ ಮಾಡುವುದಕ್ಕೂ ಮುನ್ನ, ಗಾಡಿಯ ಹೊಟ್ಟೆ, ಸಂದಿ, ಹಬ್ಬುಗಳಿಗೆ ಧಾರಾಳ ನೀರು ಹಾಕಬೇಕು. ಉಪ್ಪು ತಿಂದದ್ದು ಹೇಗೂ ನೀರು ಕುಡಿಯುತ್ತದೆ. ನಾವು ಬಾವಿಯ ನೀರು ಕುಡಿಸಿದರೆ ಉಪ್ಪು ತೊಳೆದುಹೋಗುತ್ತದೆ. ನಾವು ಕುಡಿಸದಿದ್ದರೆ ಅದು ಗಾಳಿಯಿಂದ ಕುಡಿದು ಉಪ್ಪನ್ನು ಒಳಗೇ ಇಟ್ಟುಕೊಳ್ಳುತ್ತದೆ. ಶಾಸ್ತ್ರವೆಲ್ಲ ಇಷ್ಟೇ. ಉಳಿದದ್ದು ಪೇಂಟಿನಂಗಡಿಯವನ ಜೀವನೋಪಾಯ.

ಫಲಶ್ರುತಿ

ಗ್ರಂಥವನ್ನು ಭಾವನ ಮುಂದೆ ಆದ್ಯಂತ ಓದಲಾಯಿತು. ಅವರು ಕಣ್ಣು ಮುಚ್ಚಿ ಕೇಳಿ, “ಆಯ್ತು ಮಾರಾಯ, ಈಗಲೇ ತೊಳೆದುಬಿಡುವ” ಎಂದು ಎದ್ದು ಅಂಗಳದ ನಲ್ಲಿ ತಿರುಗಿಸಿದರು. ನಲ್ಲಿ ತಿರುಗಲಿಲ್ಲ. ಮೂರು ತಿಂಗಳು ನಾನು ಬರೆಯುತ್ತಿದ್ದಾಗ ಅದನ್ನು ಯಾರೂ ಮುಟ್ಟಿರಲಿಲ್ಲ. ಸ್ಪ್ಯಾನರ್ ಹಾಕಿದಾಗ ಅದರ ಕತ್ತು ಕೈಗೆ ಬಂತು.

ಕೊನೆಗೆ ಬಾವಿಯಿಂದ ಸೇದಿದೆವು. ರಾಟೆಯೂ ಕಬ್ಬಿಣದ್ದೇ, ಅತ್ತಿಗೆಯ ಮಾವನವರ ಕಾಲದ್ದು. ಬಣ್ಣ ಕಂಡದ್ದಿಲ್ಲ, ಸತು ಕಂಡದ್ದಿಲ್ಲ. ಮೈಯೆಲ್ಲ ಕಂದು, ಆದರೆ ದಿನವೂ ಹಗ್ಗ ಓಡುವ ಬೆರಳಗಲದ ಜಾಗ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಭಾವ ಅದನ್ನೊಮ್ಮೆ ನೋಡಿದರು, ನನ್ನ ಗ್ರಂಥವನ್ನೊಮ್ಮೆ ನೋಡಿದರು. “ಬರುವ ಭಾನುವಾರ ಅಳಿವೆಗೆ ಹೋಗುವ” ಎಂದರು.