ತೂತಿರುವ ಫೋನು

ಹೊಸ ಫೋನು ತೆಗೆದುಕೊಳ್ಳಬೇಕು ಎಂದು ನಮ್ಮ ಮನೆಯಲ್ಲಿ ಬಾಯಿಬಿಟ್ಟರೆ ಸಾಕು, ಊಟದ ಪಂಕ್ತಿ ವಾಕ್ಯಾರ್ಥ ಸಭೆಯಾಗುತ್ತದೆ. ಮಗ ಐಫೋನಿನವನು, ಅಂದರೆ ಅದ್ವೈತಿ. ಫೋನು, ವಾಚು, ಇಯರ್‌ಬಡ್ಡು ಎಲ್ಲ ಒಂದೇ, ಬೇರೆ ಬೇರೆ ಎಂದು ಕಂಡರೆ ಅದು ಮಾಯೆ. ಅಕ್ಕನ ಮಗ ಆಂಡ್ರಾಯ್ಡ್, ಕಟ್ಟಾ ದ್ವೈತಿ. ಫೋನೇ ಬೇರೆ, ಇಯರ್‌ಫೋನೇ ಬೇರೆ, ಭೇದವೇ ಸತ್ಯ. ಎಂಟು ಸಾವಿರದ್ದರಿಂದ ಹಿಡಿದು ಒಂದೂವರೆ ಲಕ್ಷದ್ದರ ತನಕ ತಾರತಮ್ಯವೂ ಉಂಟು.

ನನ್ನ ಬೇಡಿಕೆ ಸಣ್ಣದು. ರಾತ್ರಿ ಮಲ್ಲಿಕಾರ್ಜುನ ಮನ್ಸೂರರನ್ನೋ ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನೋ ಕೇಳುವಾಗ ಹಿಂದಿನ ತಂಬೂರಿ ತಂಬೂರಿಯೇ ಆಗಿರಬೇಕು, ಫ್ರಿಜ್ಜಿನ ಗುಂಯ್ ಆಗಬಾರದು.

"ಅಪ್ಪಾ, ಆಪಲ್ ಮ್ಯೂಸಿಕ್‌ನಲ್ಲಿ 2021ರಿಂದಲೇ ಲಾಸ್‌ಲೆಸ್ ಇದೆ. 24 ಬಿಟ್, 192 ಕಿಲೋಹರ್ಟ್ಸ್ ತನಕ! ಸಿಡಿ ಬರೀ 16 ಬಿಟ್" ಎಂದ ಮಗ.

"ಮಾವ, ಅದು ಅವನ ಕಿವಿ ತನಕ ಹೇಗೆ ಬರತ್ತೆ ಅಂತ ಸ್ವಲ್ಪ ಕೇಳಿ" ಎಂದ ಅಳಿಯ.

ಕೇಳಿದೆ. ಮಗ ಹುಳಿ ಬಡಿಸಿಕೊಂಡ. ವಿಷಯ ಇಷ್ಟು: ಸಿಡಿಯ ಸಂಗೀತ ಪೂರ್ತಿ ಹರಿಯಲು ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಐಫೋನು ಬ್ಲೂಟೂತಿನಲ್ಲಿ ಕಳಿಸುವುದು ಎಎಸಿ ಎಂಬ ಹಿಂಡಿದ ರೂಪ, 256ರ ಆಸುಪಾಸು. ಪೇಪರಿನಲ್ಲಿ ಕೆಆರ್‌ಎಸ್ ತುಂಬಿದ ಫೋಟೋ, ನಮ್ಮ ಮೂರನೇ ಮಹಡಿಯ ನಲ್ಲಿಯಲ್ಲಿ ಗಾಳಿ.

ಅಳಿಯನ ಬತ್ತಳಿಕೆಯಲ್ಲಿದ್ದದ್ದು ಎಲ್‌ಡಿಎಸಿ, ಅದೂ ಬ್ಲೂಟೂತಿನಲ್ಲಿ ಹಿಂಡಿ ಕಳಿಸುವ ಬಗೆಯೇ. ಸೋನಿಯವರದು, 2017ರ ಓರಿಯೋ ಆವೃತ್ತಿಯಿಂದ ಆಂಡ್ರಾಯ್ಡಿನಲ್ಲಿದೆ, 990 ಕಿಲೋಬಿಟ್ ತನಕ ಹೋಗುತ್ತದೆ. ಆದರೆ 990ಕ್ಕೇ ಕಟ್ಟಿಹಾಕಬೇಕಾದರೆ ಸೆಟ್ಟಿಂಗ್ಸ್ ಒಳಹೊಕ್ಕು 'ಬಿಲ್ಡ್ ನಂಬರ್' ಎಂಬಲ್ಲಿ ಏಳು ಸಲ ಕುಟ್ಟಬೇಕು. ಆಗ ಫೋನು, ನೀವೀಗ ಡೆವಲಪರ್ ಆದಿರಿ ಎಂದು ಅಭಿನಂದಿಸುತ್ತದೆ. ಈ ಊರಿನಲ್ಲಿ ಎಂಜಿನಿಯರಿಂಗ್ ಸೀಟಿಗೆ ಜನ ಏನೆಲ್ಲ ಪಾಡು ಪಡುತ್ತಾರೆ! ಹಾಗೆ 990ಕ್ಕೆ ಕಟ್ಟಿಹಾಕಿದ ಅಳಿಯನ ಫೋನನ್ನು ಜೇಬಿಗಿಟ್ಟು, ಅವನ ಹೆಡ್‌ಫೋನ್ ತೊಟ್ಟು ಬೀದಿಗಿಳಿದೆ. ಸರ್ಕಲ್ಲಿನ ಹತ್ತಿರ ಮನ್ಸೂರರು ತಾನಿನ ನಡುವೆ ಕಡಿದುಬಿದ್ದರು. ಅವರ ಉಸಿರಿನ ಬಲ ಗೊತ್ತಿದ್ದವರಿಗೆ ಇದು ಯಾರ ಕೆಲಸ ಎಂದು ಬೇರೆ ಹೇಳಬೇಕಿಲ್ಲ.

ಅಷ್ಟಕ್ಕೂ ನಾನು ಕೇಳುವ ಕಛೇರಿಗಳೆಲ್ಲ ಯಾವನೋ ಪುಣ್ಯಾತ್ಮ ಹಳೇ ಕ್ಯಾಸೆಟ್ಟಿನಿಂದ ಇಳಿಸಿ ಯೂಟ್ಯೂಬಿಗೆ ಹಾಕಿದವು. ಒಳ್ಳೆಯ ಹೆಡ್‌ಫೋನಿನಲ್ಲಿ ಸ್ಪಷ್ಟವಾದದ್ದು ಮುಂದಿನ ಸಾಲಿನಲ್ಲಿ ಕೂತವರೊಬ್ಬರ ಕೆಮ್ಮು. ಒಣಕೆಮ್ಮೋ ಕಫವೋ ಎಂಬುದೂ ತಿಳಿಯುತ್ತದೆ.

ವೈರು ಹಾಕಿದರೆ ಬ್ಲೂಟೂತಿನ ಈ ತಂಟೆಯೇ ಇಲ್ಲ. ಆದರೆ ಸಿಕ್ಕಿಸುವುದೆಲ್ಲಿಗೆ? 2016ರಲ್ಲಿ ಐಫೋನ್ 7ರಿಂದ 3.5 ಮಿಲಿಮೀಟರಿನ ತೂತು ಮುಚ್ಚಿದ ಆಪಲ್, ಅದನ್ನು ಧೈರ್ಯ ಎಂದು ವೇದಿಕೆಯ ಮೇಲೇ ಹೇಳಿಕೊಂಡಿತು. ಅದೇ ವರ್ಷ ತನ್ನ ಪಿಕ್ಸೆಲ್ ಜಾಹೀರಾತಿನಲ್ಲಿ ಚುಚ್ಚಿ ನಕ್ಕ ಗೂಗಲ್, ಮರುವರ್ಷ ಪಿಕ್ಸೆಲ್ 2ರಲ್ಲಿ ತಾನೂ ಮುಚ್ಚಿತು. ಸ್ಯಾಮ್‌ಸಂಗ್ 2019ರ ನೋಟ್ 10ರಲ್ಲಿ. ಈ ಒಂದು ವಿಚಾರದಲ್ಲಿ ಮಾತ್ರ ಎರಡು ಮತಗಳಿಗೂ ಪೂರ್ತಿ ಸಮನ್ವಯ. ನನ್ನನ್ನು ಕೇಳಿದರೆ ಈಗಿನ ಬಹುಪಾಲು ಫೋನುಗಳು ವೈರಿನಲ್ಲಿ ಚೆನ್ನಾಗಿಯೇ ಹಾಡುತ್ತವೆ. ಹೆಚ್ಚುಕಡಿಮೆ ಇರುವುದು ಕಿವಿಗೆ ಸಿಕ್ಕಿಸುವ ಮಾಲಿನಲ್ಲಿ.

ಇಷ್ಟು ಹೊತ್ತು ಮಜ್ಜಿಗೆಯ ಲೋಟ ಹಿಡಿದು ಕೂತಿದ್ದ ಅಮ್ಮ, "ಅದ್ರಲ್ಲಿ ರೇಡಿಯೋ ಬರತ್ತೇನೋ?" ಎಂದರು.

ಐಫೋನಿನಲ್ಲಿ ಎಫ್‌ಎಂ ಯಾವತ್ತೂ ಇಲ್ಲ. ದುಬಾರಿ ಆಂಡ್ರಾಯ್ಡುಗಳಲ್ಲೂ ಸಾಮಾನ್ಯವಾಗಿ ಕಾಣೆ. ಎಫ್‌ಎಂ ಬಂದ್ ಮಾಡಬೇಡಿ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ಫೋನು ಕಂಪನಿಗಳಿಗೆ ಸೂಚನೆ ಕೊಡಬೇಕಾಯಿತು. ಅದಕ್ಕೆ ಆಂಟೆನಾ ಯಾವುದು? ಇಯರ್‌ಫೋನಿನ ವೈರೇ. ಅಂದರೆ ಮತ್ತೆ ತೂತು.

ಅಂಗಡಿಯ ಹುಡುಗನಿಗೆ, ಜಾಕ್ ಇರಬೇಕು, ಎಫ್‌ಎಂ ಬರಬೇಕು ಎಂದೆ. ಗಾಜಿನ ಕಪಾಟಿನ ಕಡೆ ತಿರುಗಿಯೂ ನೋಡದೆ ಬಗ್ಗಿ ತಳದ ಗೂಡಿನಿಂದ ಒಂದು ಡಬ್ಬ ತೆಗೆದ. "ತಾಯಿಯವರಿಗಾ ಸಾರ್?" ಎಂದ. ಹೂಂ ಎಂದೆ.

ಅಳಿಯ ತನ್ನ ಮತ ಗೆದ್ದಿತೆಂದು ಬೀಗಿದ. ಅಮ್ಮ ಈಗ ವೈರು ಇಳಿಬಿಟ್ಟುಕೊಂಡು 101.3ರ ಕಾಮನಬಿಲ್ಲು ಕೇಳುತ್ತಾರೆ, ಕಿಟಕಿ ಬಿಟ್ಟು ಕದಲಿದರೆ ಗೊರಗೊರ. ಮನ್ಸೂರರಿಗೆ ಫೋನು ಸಿಗುವುದು ಅಮ್ಮ ಮಲಗಿದ ಮೇಲೆ, ವೈರಿನ ಗಂಟು ಬಿಡಿಸಿಕೊಂಡರೆ.