ಕಿರೀಟ ಭತ್ಯೆ

ರಿಯಾದ್‌ನಲ್ಲಿ ಯೋಗ್ಯತೆ ಅಳೆಯುವುದು ಬಲು ಸುಲಭ. ಡಿಗ್ರಿ, ಅನುಭವ ಎಲ್ಲ ಆಮೇಲೆ; ಮೊದಲು ಪಾಸ್‌ಪೋರ್ಟ್ ತೋರಿಸಿ. ಬಣ್ಣ ನೋಡಿ ಮೋಸಹೋಗಬೇಡಿ, ಈಗ ಬ್ರಿಟನ್ನಿನದೂ ನೀಲಿ, ನಮ್ಮದೂ ನೀಲಿ. ಸಿಂಹವೂ ಎರಡರ ಮೇಲಿದೆ. ಅವರ ಸಿಂಹಕ್ಕೆ ಕಿರೀಟವಿದೆ, ಅದಕ್ಕೇ ಭತ್ಯೆ. ಒಂದೇ ಆಫೀಸಿನಲ್ಲಿ ಲಂಡನ್ನಿನವನು ತುಂಬಿದ ಎಕ್ಸೆಲ್ ಶೀಟು ದುಬಾರಿ, ಉಡುಪಿಯವನದು ಅಗ್ಗ. ದುಬಾರಿ ಶೀಟಿನ ತಪ್ಪು ತಿದ್ದುವವನೂ ಉಡುಪಿಯವನೇ.

ಹಾಗಂತ ಕಾನೂನಿಲ್ಲ ಅನ್ನಬೇಡಿ. ಸಮಾನ ವೇತನ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 100ನೇ ಒಡಂಬಡಿಕೆಯನ್ನು ಸೌದಿ 1978ರಲ್ಲೇ ಅಂಗೀಕರಿಸಿದೆ. ಅದು ಮಾತಾಡುವುದು ಗಂಡು-ಹೆಣ್ಣಿನ ಬಗ್ಗೆ. ಮಂಗಳೂರಿನ ನರ್ಸಮ್ಮನಿಗೂ ಮಂಗಳೂರಿನದೇ ಗಂಡು ನರ್ಸಿಗೂ ಒಂದೇ ಸಮ ಕಡಿಮೆ ಕೊಟ್ಟರಾಯಿತು, ಸಮಾನತೆ ಸಂಪನ್ನ! ಇನ್ನು ಕಂಪನಿಗಳು ಇಂತಿಷ್ಟು ಸೌದಿಗಳನ್ನು ಕೆಲಸಕ್ಕಿಟ್ಟುಕೊಳ್ಳಲೇಬೇಕೆನ್ನುವ 'ನಿತಾಕತ್' ಲೆಕ್ಕ. ಸೌದಿ ಪ್ರಜೆಯನ್ನು ಕಂಪನಿ ಪೂರ್ತಿ ಒಬ್ಬ ನೌಕರನೆಂದು ತೋರಿಸಬೇಕಾದರೆ 2021ರಿಂದ ಕನಿಷ್ಠ 4000 ರಿಯಾಲ್ ಕೊಡಬೇಕು. 3000 ಕೊಟ್ಟರೆ ಅವನು ಅರ್ಧ. ಪರದೇಶಿಯ ಮಟ್ಟಿಗೆ ಇಂಥ ಜಿಪುಣತನವಿಲ್ಲ. ಎಷ್ಟಕ್ಕೆ ಬಂದರೂ ಅವನು ಪೂರ್ತಿ ಒಬ್ಬನೇ, ದುಡಿಮೆಯಲ್ಲಿ ಇಬ್ಬರು.

ಆದರೆ ಈ ದರಪಟ್ಟಿ ಬರೆದವರು ಸೌದಿಗಳು ಮಾತ್ರವೇ ಅಲ್ಲ. ತನ್ನ ಮನೆಗೆಲಸದ ಹೆಣ್ಣುಮಕ್ಕಳಿಗೆ ತಿಂಗಳಿಗೆ 400 ಡಾಲರ್‌ಗಿಂತ ಕಡಿಮೆ ಆಗದೆಂದು ಫಿಲಿಪೀನ್ಸ್ ಹಟ ಹಿಡಿಯಿತು. 2011ರಲ್ಲಿ ಸೌದಿ ವೀಸಾ ನಿಲ್ಲಿಸಿ ಮುನಿಸಿಕೊಂಡಿತು, ಮರುವರ್ಷ ತೆಪ್ಪಗೆ ಒಪ್ಪಿತು. ನಮ್ಮ ದಿಲ್ಲಿಗೆ ಅಂಥ ದುರಹಂಕಾರವಿಲ್ಲ. 2020ರ ಸೆಪ್ಟೆಂಬರಿನಲ್ಲಿ, ಕೊರೊನಾ ಕಾಲಕ್ಕೆ ನಮ್ಮವರ ಕೆಲಸ ಹೋಗದಿರಲಿ ಎಂಬ ಮಾತೃವಾತ್ಸಲ್ಯದಿಂದ, ಕೊಲ್ಲಿಗೆ ಹೊರಟವರ ಕನಿಷ್ಠ ವೇತನವನ್ನು ತಾನೇ ಇಳಿಸಿತು. ಸೌದಿಗಾದರೆ 324 ಡಾಲರ್. ಗಿರಾಕಿ ಚೌಕಾಸಿಗೆ ಬಾಯಿ ತೆರೆಯುವ ಮೊದಲೇ ಅಂಗಡಿಯವನು ರೇಟು ಬಿಟ್ಟ ಹಾಗೆ. ಗಲಾಟೆಯಾಗಿ, ವಿಷಯ ತೆಲಂಗಾಣ ಹೈಕೋರ್ಟಿನ ಮೆಟ್ಟಿಲೇರಿ, 2021ರ ಜುಲೈನಲ್ಲಿ ಆದೇಶ ವಾಪಸಾಯಿತು. ಅಷ್ಟರಲ್ಲಿ ಆ ದರಕ್ಕೆ ಸಹಿ ಹಾಕಿ ವಿಮಾನ ಹತ್ತಿದವರು ಏನು ಮಾಡಬೇಕೆಂದು ಕೇಳುವುದು ಅಸಭ್ಯತನ.

ಶುಕ್ರವಾರ ರಿಯಾದ್‌ನ ಬತ್ಹಾ ಬಡಾವಣೆಯ ಹೋಟೆಲಿಗೆ ಬನ್ನಿ. ನಮ್ಮ ಎಂಜಿನಿಯರ್ ಸಾಹೇಬರು ಸುಲೈಮಾನಿ ಚಹಾ ಹೀರುತ್ತ, ಬಿಳಿಯ ಮ್ಯಾನೇಜರನ ಸಂಬಳ ನೆನೆದು ಕುದಿಯುತ್ತಿರುತ್ತಾರೆ. "ಇದೆಂಥ ನ್ಯಾಯ ಮಾರಾಯ್ರೆ? ಕೆಲಸ ನೋಡಿ ದುಡ್ಡು ಕೊಡ್ಬೇಕಾ, ದೇಶ ನೋಡಿಯಾ?" ಮೇಜಿನ ಸುತ್ತ ಎಲ್ಲರೂ ತಲೆಯಾಡಿಸುತ್ತಾರೆ. ಭಾನುವಾರ ಬೆಳಿಗ್ಗೆ ಸೈಟಿಗೆ ಹೆಲ್ಪರ್‌ಗಳು ಬೇಕು. ಸಾಹೇಬರು ಏಜೆಂಟನಿಗೆ ಫೋನು ಹಚ್ಚುತ್ತಾರೆ: "ಇಂಡಿಯಾದವ್ರು ಬೇಡ, ಜಾಸ್ತಿ ಕೇಳ್ತಾರೆ. ಬಾಂಗ್ಲಾದವ್ರು ಇದ್ರೆ ನೋಡಿ."