ಗುಪ್ಪಟೆಯ ಇಳುವರಿ

ರಾಗಿ ಹೊಲದಲ್ಲಿ ತಾನಾಗಿ ಹುಟ್ಟುವ ಗುಪ್ಪಟೆ ಹಣ್ಣಿಗೆ ಕಡೂರಿನಲ್ಲಿ ಯಾರೂ ಇಳುವರಿ ಲೆಕ್ಕ ಇಟ್ಟವರಲ್ಲ. ಅದು ಕಳೆ. ಕಳೆ ತೆಗೆಯುವ ಹೆಂಗಸರು ಗಿಡವನ್ನು ಬದುವಿಗೆಸೆದು ಹಣ್ಣನ್ನು ಮಡಿಲಿಗೆ ಹಾಕಿಕೊಳ್ಳುತ್ತಾರೆ. ಹುಡುಗರು ಬಲಿಯದ ಬುಡ್ಡೆಯನ್ನು ಪಕ್ಕದವನ ಹಣೆಗೆ ಟಪ್ಪೆಂದು ಒಡೆಯುತ್ತಾರೆ. ಅಲ್ಲಿಗೆ ಸುಗ್ಗಿ ಮುಗಿಯಿತು.

ಈ ನೆಮ್ಮದಿ ಕೆಡಿಸಿದ್ದು ಅದರ ಸೀಮೆ ದಾಯಾದಿ ಕೇಪ್ ಗೂಸ್‌ಬೆರಿ. ಆಂಡೀಸ್ ಬೆಟ್ಟಗಳಲ್ಲಿ ಹುಟ್ಟಿ, ಆಫ್ರಿಕದ ತುದಿಯಲ್ಲಿ ಹೆಸರು ಪಡೆದು, ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಡಬ್ಬಿ ಸೇರಿದ ಹಣ್ಣು. ನಮ್ಮದು ಮೊಣಕಾಲೆತ್ತರ ಬಂದರೆ ಹೆಚ್ಚು; ಅದು ಎದೆಯೆತ್ತರ, ಎಲೆ ಮಖಮಲ್ಲು, ಹಳದಿ ಹೂವಿನೊಳಗೆ ಐದು ಕಂದು ಮಚ್ಚೆ. ಅದರಲ್ಲೂ ತಳಿಗಳಿವೆಯಂತೆ: ಕೊಲಂಬಿಯದ್ದು ಸುಮಾರು 5 ಗ್ರಾಂ ತೂಗಿ ಹೆಚ್ಚು ಸಿಹಿ; ಕೆನ್ಯ, ದಕ್ಷಿಣ ಆಫ್ರಿಕದವು 6ರಿಂದ 10 ಗ್ರಾಂ, ಸಿಹಿ ಮಾತ್ರ ಕಮ್ಮಿ.

ನಮ್ಮ ಬಳಗದಲ್ಲಿ ಒಂದೇ ಡಬ್ಬಿಯ ಬೀಜ ಮೂರೂರಿಗೆ ಹೋಗಿ, ಮಳೆಗಾಲ ಮುಗಿಯುವಷ್ಟರಲ್ಲಿ ಮೂರು ತಳಿಯಾಯಿತು. ತರೀಕೆರೆಯ ಭಾವ ಅಡಿಕೆ ತೋಟದ ನೆರಳಲ್ಲಿ ಹಾಕಿದರು. ಗಿಡ ಬಿಸಿಲು ಹುಡುಕುತ್ತ ಮೇಲೆದ್ದಿತೇ ಹೊರತು ಕಾಯಿ ಕಟ್ಟಲಿಲ್ಲ. ಕಡೂರಿನ ನಮ್ಮ ಕೆಂಪು ಮಣ್ಣಲ್ಲಿ ಅದು ಕುಳ್ಳಾಯಿತು, ಆದರೆ ಗೆಣ್ಣುಗೆಣ್ಣಿಗೂ ಬುಡ್ಡೆ. ಅಜ್ಜಂಪುರದ ದೊಡ್ಡಪ್ಪನದೇ ಬೇರೆ ಕತೆ. ಅಮೃತಮಹಲ್ ದನಗಳ ತಳಿ ಕೇಂದ್ರವಿರುವ ಊರಲ್ಲಿ ಗೊಬ್ಬರಕ್ಕೆ ಜಿಪುಣತನ ಮಾಡಿದರೆ ಮರ್ಯಾದೆ ಉಳಿಯುತ್ತದೆಯೇ? ಎರೆಮಣ್ಣಿಗೆ ಮಂಕರಿಗಟ್ಟಲೆ ಸುರಿದರು. ಗಿಡ ಪೊದೆಯಾಯಿತು, ಎಲೆ ಅಂಗೈ ಮೀರಿತು, ಹಣ್ಣು ಹುಡುಕಿದರೆ ಸಿಗಬೇಕು. ಸಾರ ಅತಿಯಾದರೆ ಈ ಗಿಡ ಹಣ್ಣು ಮರೆತು ಸೊಪ್ಪಿಗೇ ಬೀಳುತ್ತದೆ.

ತೂಕವೂ ಸುಲಭವಲ್ಲ. ಹಣ್ಣಾದದ್ದು ತಾನೇ ನೆಲಕ್ಕುದುರುತ್ತದೆ. ತಕ್ಕಡಿ ಬರುವ ಮುನ್ನ ಮಕ್ಕಳು ಬಂದಿರುತ್ತಾರೆ. ಸಿಪ್ಪೆ ಸಮೇತ ಇಟ್ಟರೆ ತಿಂಗಳು ಕೆಡದು ಎನ್ನುತ್ತಾರೆ. ನಮ್ಮಲ್ಲಿ ಸಂಜೆಯವರೆಗೆ ಉಳಿದದ್ದೇ ಇಲ್ಲ.

ಬೀರೂರಿನ ಮದುವೆಯೊಂದರಲ್ಲಿ ಮೂವರೂ ಸೇರಿದಾಗ ನಾನು ಗೆದ್ದ ಗತ್ತಿನಲ್ಲಿದ್ದೆ. ದೊಡ್ಡಪ್ಪ ಪಾಯಸದ ಲೋಟ ಕೆಳಗಿಟ್ಟರು. “ಅಮೃತಮಹಲ್ ಹಸು ಎಷ್ಟು ಹಾಲು ಕೊಡುತ್ತದೋ? ಚೂರು. ಆದರೂ ಟಿಪ್ಪುವಿನ ಫಿರಂಗಿ ಎಳೆದದ್ದು ಅದರ ಹೋರಿಗಳೇ ತಾನೆ?” ತಮ್ಮ ಗುಪ್ಪಟೆ ಗಿಡವೂ ಆ ಜಾತಿಯದು ಎಂದರು. ಅದು ಏನನ್ನು ಎಳೆಯುತ್ತದೆ ಎಂದು ಕೇಳುವಷ್ಟರಲ್ಲಿ ಎರಡನೇ ಸಲ ಪಾಯಸ ಬಂತು.